ನೆಲ್ಲಿಕಾಯಿ ರಕ್ಷಣೆಯಲ್ಲಿ ದ್ಯಾಮಣ್ಣನ ದನಿ

ಬೆಂಗೇರಿಯ ಹೊಸ ದಾಖಲೆ ಕಚೇರಿಗೆ ಹದಿನೆಂಟು ಕಿಟಕಿಗಳು, ಹದಿನೆಂಟೂ ಮುಚ್ಚಿದ್ದವು. ಇದರಲ್ಲಿ ಅಕ್ರಮವೇನೂ ಇರಲಿಲ್ಲ. ಮುಖ್ಯ ಅತಿಥಿಗಳಿಗೆ ಪುರುಸೊತ್ತು ಸಿಗದೆ ಕಟ್ಟಡದ ಉದ್ಘಾಟನೆ ನಿಂತಿತ್ತು. ಉದ್ಘಾಟನೆಯಾಗದ ಕಟ್ಟಡದಲ್ಲಿ ಸಿಬ್ಬಂದಿ ಹಿತ್ತಲ ಬಾಗಿಲಿನಿಂದ ಬಂದು ಕೆಲಸ ಮಾಡಬಹುದು. ರಿಬ್ಬನ್ನು ಕಟ್ಟಿದ ಕಿಟಕಿಯನ್ನು ಮಾತ್ರ ತೆಗೆಯುವಂತಿಲ್ಲ.

ಒಳಗೆ ಹೊಸ ಪೇಂಟು, ಕಪಾಟಿನ ವಾರ್ನಿಶು, ಪ್ಲೈವುಡ್ಡಿನ ಅಂಟು, ಮೇಲೆ ಫಿನಾಯಿಲು. ನಾಲ್ಕೂ ಕೂಡಿ ಎಂಥ ಘಾಟು ಎದ್ದಿತೆಂದರೆ, ಗೋಡೆಯ ಮೇಲಿನ ಹಲ್ಲಿ ಮೂರ್ಛೆ ಬಂದು ಗುಮಾಸ್ತೆ ದಾಕ್ಷಾಯಿಣಿಯವರ ಟೇಬಲ್ಲಿಗೆ ಬಿತ್ತು. ನೀರು ಚಿಮುಕಿಸಿದಾಗ ಎದ್ದು, ಕಚೇರಿಯನ್ನೊಮ್ಮೆ ಸುತ್ತಲೂ ನೋಡಿ, ಎರಡನೆಯ ಸಲ ತಾನಾಗಿಯೇ ಮೂರ್ಛೆ ಹೋಯಿತು.

ಜವಾನ ದ್ಯಾಮಣ್ಣನಿಗೆ ಆದದ್ದು ಇನ್ನೂ ದೊಡ್ಡ ಹಾನಿ. ಅವನ ದನಿ ಹೋಯಿತು. ಅದೇನು ಅಂತಿಂಥ ದನಿಯೇ? ಶಿರಗುಪ್ಪಿಯ ಮಠದಲ್ಲಿ ಅವನು ಭಜನೆಯ ಪದ ಎತ್ತಿದನೆಂದರೆ, ಆಚೆಯ ಸುಳ್ಳ ಎಂಬ ಊರಿನ ಎತ್ತುಗಳು ನೀರು ಕುಡಿಯುವುದನ್ನು ಬಿಟ್ಟು ತಲೆದೂಗುತ್ತಿದ್ದವು. ಒಮ್ಮೆ ಮೇಲಿನ ಸ್ವರ ಹಿಡಿದಾಗ, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಸೀಟಿ ಆಯಿತೆಂದು ಹೊರಟೇಬಿಟ್ಟಿತ್ತು. ನಂಬದವರು ಆ ರೈಲು ತಪ್ಪಿಸಿಕೊಂಡವರನ್ನು ಕೇಳಬಹುದು. ಮೂವತ್ತು ವರ್ಷದಿಂದ ಶಿವರಾತ್ರಿಯ ಮೊದಲ ಪದ ಅವನದೇ. ಈ ಸಲ ಶಿವರಾತ್ರಿಗೆ ಎರಡು ತಿಂಗಳು ಇರುವಾಗಲೇ ಗಂಟಲಿನಿಂದ ಬರಿ ಕೆಮ್ಮು ಬರತೊಡಗಿತು.

ಅವನು ಕಚೇರಿಯ ಮುಖ್ಯಸ್ಥರಾದ ಶಿವಯೋಗೀಶರ ಮುಂದೆ ಹೋಗಿ ನಿಂತ.

“ಸಾಹೇಬ್ರ, ಒಂದ ಕಿಟಕಿ ತಗೀತೇನ್ರಿ. ಶಿವರಾತ್ರಿಗೆ ಹಾಡಬೇಕು, ಗಂಟಲಾ ಹಿಡಕೊಂಡೈತಿ.”

“ಏ ದ್ಯಾಮಣ್ಣ, ನೀ ಕಿಟಕಿ ತಗದ್ರ ಉದ್ಘಾಟನಾ ನೀನ ಮಾಡಿದಂಗ ಆತು. ಅತಿಥಿಗಳು ಬಂದು ಏನ್ ಮಾಡಬೇಕು?”

“ಉಳಿದ ಹದಿನೇಳು ತಗೀಲಿ ಬಿಡ್ರಿ.”

“ಮ್ಯಾಲ ಬರೀತೇನಿ, ತಡಿ.”

ಎಂಟು ದಿನದಲ್ಲಿ ಮೇಲಿನಿಂದ ಸುತ್ತೋಲೆ ಬಂತು:

“ಒಳಾಂಗಣ ರಾಸಾಯನಿಕಗಳಿಂದ ಶರೀರಕ್ಕಾಗುವ ಹಾನಿಯನ್ನು ನೆಲ್ಲಿಕಾಯಿಯಲ್ಲಿರುವ ಆ್ಯಂಟಿಆಕ್ಸಿಡೆಂಟುಗಳು ತಡೆಯುತ್ತವೆಂದು ತಿಳಿದುಬಂದಿರುವುದರಿಂದ ಕಿಟಕಿಗಳ ಅವಶ್ಯಕತೆ ಕಂಡುಬರುವುದಿಲ್ಲ. ಉಸಿರಾಡುವ ಪ್ರತಿ ಸಿಬ್ಬಂದಿಗೆ ದಿನಕ್ಕೆರಡು ನೆಲ್ಲಿಕಾಯಿ ನೀಡತಕ್ಕದ್ದು. ರಜೆಯಲ್ಲಿರುವವರು ಉಸಿರಾಡುತ್ತಿಲ್ಲವೆಂದು ಭಾವಿಸತಕ್ಕದ್ದು.”

ನೆಲ್ಲಿಕಾಯಿ ಪೂರೈಸುವ ಗುತ್ತಿಗೆಯು, ಸುತ್ತೋಲೆಗೆ ಸಹಿ ಹಾಕಿದವರ ಹೆಂಡತಿಯ ತಮ್ಮ ಗುರುಶಿದ್ದಪ್ಪನಿಗೆ ಕೇವಲ ಅರ್ಹತೆಯ ಮೇಲೆ ದೊರೆಯಿತು. ಹನ್ನೊಂದು ಮಂದಿಗೆ ಅರವತ್ತು ಚೀಲ ಇಳಿದವು. ಕೊಳೆತು ನೊಣ ಎದ್ದವು. ನೊಣಕ್ಕೆ ಔಷಧ ಹೊಡೆಯಲಾಯಿತು. ಔಷಧದಿಂದ ಘಾಟು ಹೆಚ್ಚಿದ್ದರಿಂದ ತಲೆಗೆ ನಾಲ್ಕು ನೆಲ್ಲಿಕಾಯಿ ಮಂಜೂರಾಗಿ ಇನ್ನೂ ಅರವತ್ತು ಚೀಲ ಬಂದವು.

“ಗುರುಶಿದ್ದಪ್ಪಣ್ಣ, ನಾ ಎಲ್ಲಿ ಕೂಡ್ಲಿ?” ಎಂದು ದಾಕ್ಷಾಯಿಣಿ ಕೇಳಿದರು.

“ಅಕ್ಕಾರ, ರಕ್ಷಣಾ ಬೇಕೋ, ಕುರ್ಚಿ ಬೇಕೋ? ಎರಡೂ ಬೇಕಂದ್ರ ಹೆಂಗ್ರಿ?”

ಸಿಬ್ಬಂದಿ ಟೇಬಲ್ಲುಗಳನ್ನು ಹೊರಗೆ ಬೇವಿನ ಮರದ ಕೆಳಗೆ ಹಾಕಿಕೊಂಡರು. ನಾಲ್ಕು ದಿನಕ್ಕೆ ತಲೆಶೂಲೆ ಹೋಯಿತು, ಕಣ್ಣುರಿ ಹೋಯಿತು. ಐದನೆಯ ದಿನ ದ್ಯಾಮಣ್ಣ ಗಂಟಲು ಸರಿಮಾಡಿಕೊಂಡು ಒಂದು ಆಲಾಪ ತೆಗೆದ. ಮರದಿಂದ ಎದ್ದ ಕಾಗೆಗಳು ಧಾರವಾಡ ದಾಟಿದ ಮೇಲೇ ಕೂತವು.

“ನೆಲ್ಲಿಕಾಯಿ ಗುಣಾ ನೋಡ್ರಿ!” ಎಂದರು ಶಿವಯೋಗೀಶ.

“ನಾ ಒಂದೂ ತಿಂದಿಲ್ರಿ, ಸಾಹೇಬ್ರ. ಹಾಡಾಂವ ಹುಳಿ ಮುಟ್ಟಂಗಿಲ್ಲ. ಇದು ಗಾಳೀರಿ, ಬರೇ ಗಾಳಿ.”

“ತಿನ್ನದನ ಇಷ್ಟ ಗುಣಾ ಆದ್ರ, ತಿಂದ್ರ ಏನ್ ಆಗಲಿಕ್ಕಿಲ್ಲ! ಬರಕೋರಿ, ದಾಕ್ಷಾಯಿಣಿ.”

ವರದಿ ಮುಟ್ಟಿದ ಕೂಡಲೇ ಮುಖ್ಯ ಅತಿಥಿಗಳಿಗೆ ಪುರುಸೊತ್ತು ಸಿಕ್ಕಿತು. ಬಂದು, ಬೇವಿನ ಮರದ ಕೆಳಗೆ ದ್ಯಾಮಣ್ಣನ ಸ್ವಾಗತ ಗೀತೆ ಕೇಳಿ ಕಣ್ಣೊರೆಸಿಕೊಂಡರು. ಕಿಟಕಿ ತೆಗೆದರೆ ನೆಲ್ಲಿಕಾಯಿಯ ಸತ್ವ ಹಾರಿಹೋಗುತ್ತದೆಂದು ಗುರುಶಿದ್ದಪ್ಪ ಅವರ ಕಿವಿಯಲ್ಲಿ ಊದಿದ. ಹದಿನೆಂಟಕ್ಕೂ ಮೊಳೆ ಬಡಿಸಿ, ಅದನ್ನೇ ಉದ್ಘಾಟನೆಯೆಂದು ಘೋಷಿಸಲಾಯಿತು.

“ಇಂಥಾ ದನಿ ಬಿಸಿಲಾಗ, ಧೂಳಾಗ ಇಡಬಾರ್ದು,” ಎಂದರು ಅತಿಥಿಗಳು.

ಅಂದೇ ದ್ಯಾಮಣ್ಣನಿಗೆ ‘ಜೀವಂತ ಪುರಾವೆ’ ಎಂಬ ಹುದ್ದೆಗೆ ಬಡ್ತಿ ಕೊಟ್ಟು, ಒಳಗೆ ಚೀಲಗಳ ನಡುವೆ ಸ್ಟೂಲು ಹಾಕಿ ಕೂಡಿಸಿದರು. ಅವನು ಶಿವರಾತ್ರಿಗೆ ರಜೆ ಕೇಳಿದ. ಪುರಾವೆಗೆ ರಜೆ ಕೊಡುವ ನಿಯಮ ಇರಲಿಲ್ಲ. ಶಿರಗುಪ್ಪಿಯಲ್ಲಿ ಮೊದಲ ಪದವನ್ನು ಬೇರೊಬ್ಬ ಎತ್ತಿದ.

ಈಗ ಜಿಲ್ಲೆಯ ಉಳಿದ ಕಚೇರಿಗಳವರು ತಂಡ ತಂಡವಾಗಿ ನೋಡಲು ಬರುತ್ತಾರೆ. ದ್ಯಾಮಣ್ಣ ಎದ್ದು, ಕೈ ಜೋಡಿಸಿ, ಕಣ್ಣು ಮುಚ್ಚಿ, ಬಾಯಿ ತೆರೆಯುತ್ತಾನೆ. ಏನೂ ಕೇಳಿಸುವುದಿಲ್ಲ.

ಹೋದ ವಾರ ಬಂದವರೊಬ್ಬರು, “ದನಿ ಎಲ್ಲೈತ್ರಿ?” ಎಂದು ಕೇಳಿದರು.

“ಒಳಗ ಐತ್ರಿ,” ಎಂದರು ದಾಕ್ಷಾಯಿಣಿ. “ರಕ್ಷಣಾ ಅಷ್ಟ ಬಿಗಿ ಐತಿ. ಹೊರಗ ಬರಾಕ ಬಿಡಂಗಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ದ್ಯಾಮಣ್ಣನೂ ತಟ್ಟಿದ.