ಕಣಜದ ಕಣ್ಣು

ಒಂದು ಕಣಜದೊಳಗೆ ಎಷ್ಟು ಭತ್ತವಿದೆ ಎಂಬುದು ಸಾಮಾನ್ಯ ವಿಷಯವಲ್ಲ. ಅದು ತಿಳಿಯದೆ ಹೋದರೆ ಲೋಕಕ್ಕೆ ಏನಾಗುತ್ತದೋ ಗೊತ್ತಿಲ್ಲ. ತಲ್ಲೂರಿನ ಉಮಾನಾಥರ ಅಕ್ಕಿ ಮಿಲ್ಲಿನಲ್ಲಿ ಮಾತ್ರ ಸುಧಾಕರ ಏಣಿ ಹತ್ತಬೇಕಾಗುತ್ತದೆ.

ಮಿಲ್ಲಿನ ತಗಡಿನ ಕಣಜ ತೆಂಗಿನ ಮರಕ್ಕಿಂತ ಎತ್ತರ. ಸುಧಾಕರನಿಗೋ ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ತಲೆ ತಿರುಗುತ್ತದೆ. ಆದರೂ ವರ್ಷಗಟ್ಟಲೆ ದಿನಾ ಮೇಲೆ ಹೋಗಿ, ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು, ಭತ್ತದ ಮಟ್ಟ ಅಳೆದು, ಕಣ್ಣು ಮುಚ್ಚಿಕೊಂಡೇ ಇಳಿಯುತ್ತಿದ್ದ. ಮೊನ್ನೆ ಕಣಜದ ನೆತ್ತಿಗೆ ರಾಡಾರ್ ಕೂರಿಸಿದರು. ಅದು ಮೇಲಿಂದಲೇ ಭತ್ತವನ್ನು ನೋಡಿ ಆಫೀಸಿನ ಪರದೆಗೆ ಲೆಕ್ಕ ಹೇಳುತ್ತದಂತೆ. ಸುಧಾಕರ ಹಗ್ಗವನ್ನು ಮನೆಗೊಯ್ದು ಬಟ್ಟೆ ಒಣಗಿಸಲು ಕಟ್ಟಿದ. ನಿನ್ನೆ ಸಂಜೆ, ಇದೇ ಕೊನೆ ಎಂದುಕೊಂಡು ಹತ್ತಿ, ಮಿಷನ್ನಿಗೆ ಕುಂಕುಮ ಹಚ್ಚಿ, ಸಕಲ ಶಾಸ್ತ್ರವನ್ನೂ ಮುಗಿಸಿ ಬಂದ.

ಬೆಳಿಗ್ಗೆ ಪರದೆ ಹೇಳಿತು: ಕಣಜ ಭರ್ತಿ.

ಗೇಟಿನಲ್ಲಿ ವಂಡ್ಸೆಯಿಂದ ಬಂದ ಭತ್ತದ ಲಾರಿ ಹಾರ್ನ್ ಹೊಡೆಯುತ್ತಿತ್ತು.

"ನಿನ್ನೆ ಅರ್ಧ ಬೇಯ್ಸುಕೆ ತೆಗ್ದಿತ್ತಲ್ದಾ? ರಾತ್ರಿ ಭತ್ತ ಮರಿ ಹಾಕಿತಾ?" ಉಮಾನಾಥರು ಗುಡುಗಿದರು. "ಈ ಸುಳ್ಳ್ ಮಿಷನ್ ಇವತ್ತೇ ವಾಪಾಸ್. ನೀನ್ ಹಗ್ಗ ತಕಂಡ್ ಬಾ."

ಸುಧಾಕರ ಏಣಿಗೆ ಬೆನ್ನು ಹಾಕಿ ನಿಂತ. "ಹೊಸ್ತ್ ಅಲ್ದಾ ಸಾವ್ಕಾರ್ರೇ, ಸ್ವಲ್ಪ ಹೊತ್ತ್ ಕಾಂಬ."

"ಹ್ವಾಯ್, ಮಿಷನ್ ಎಂತಕೆ? ಬಡ್ದ್ ಕಂಡ್ರ್ ಆಯ್ತಪ!" ಗಂಗೊಳ್ಳಿಯಿಂದ ಮೀನು ತಂದಿದ್ದ ಬಚ್ಚ ಬೈಕು ನಿಲ್ಲಿಸಿ, ತಕ್ಕಡಿಯ ಕಲ್ಲಿನಿಂದ ಕಣಜದ ಬುಡಕ್ಕೆ ಬಡಿದ. ಡಬ್. "ಭರ್ತಿ!"

ಹಮಾಲಿ ಕುಷ್ಟ ಒಂದು ಕಲ್ಲೆತ್ತಿ ಕಣಜದ ಕುತ್ತಿಗೆಗೆ ಬೀಸಿದ. ಡಣ್. "ಖಾಲಿ! ನಿಂಗೆ ಬಂಗ್ಡಿ ಮೀನ್ ಬಿಟ್ರೆ ಎಂತ ಗೊತ್ತಿತ್ತ್?"

"ಹಾಂಗಾರ್ ನಿನ್ ತಲಿಗೂ ಒಂದ್ ಬಡ್ದ್ ಕಾಂಬ. ಅದೂ ಡಣ್ ಅಂತೇ ಕೇಣತ್!"

ದಾರಿಹೋಕರೂ ಸೇರಿ ಭರ್ತಿ ಪಕ್ಷ, ಖಾಲಿ ಪಕ್ಷ ಎಂದು ಎರಡಾದರು. ಸುಧಾಕರ ಯೋಚಿಸಿದ. ಮಿಷನ್ ಹೋದರೆ ಜೀವಮಾನವಿಡೀ ಏಣಿ. ಉಳಿಸಿಕೊಂಡರೆ ಇದೊಂದೇ ಸಲ. ಅನ್ನ ಕುದಿಯುವಾಗಿನ ಮುಚ್ಚಳದಂತೆ ಕಂಪಿಸುತ್ತಾ ಹತ್ತಿದ.

ಮೇಲೆ ಬಾಗಿಲು ಸರಿಸಿ ಇಣುಕಿದರೆ, ರಾಡಾರಿನ ಮೂಗಿನ ಕೆಳಗೇ ಬೂದುಗುಂಬಳಕಾಯಿ! ಮಿಷನ್ನಿಗೆ ಯಾರ ದೃಷ್ಟಿಯೂ ತಾಗದಿರಲಿ, ಹೊರಗಿದ್ದರೆ ಕಾಗೆ ಕುಕ್ಕೀತು ಎಂದು ನಿನ್ನೆ ಅವನೇ ಒಳಗೆ ತೂಗುಹಾಕಿದ್ದು. ಪಾಪದ ರಾಡಾರು ಅದನ್ನೇ ಭತ್ತವೆಂದು ನಂಬಿ ಕೂತಿತ್ತು.

ಕಾಯಿ ಬಿಚ್ಚಿದ್ದೇ ತಡ, ಆಫೀಸಿನಿಂದ ಉಮಾನಾಥರು ಓಡಿಬಂದರು. "ಅರ್ಧ! ಈಗ ಅರ್ಧ ತೋರ್ಸತ್!"

ಖುಷಿಗೆ ಸುಧಾಕರನ ಬೆವರುಗೈ ಜಾರಿತು. ಕಾಯಿ ತಗಡಿನ ಮೇಲೆ ಉರುಳಿ, ಸಾಹುಕಾರರ ಕಾಲ ಬುಡದಲ್ಲೇ ಒಡೆಯಿತು.

"ಇದನ್ನ್ ಒಳ್ಗ್ ಕಟ್ಟದ್ ಯಾರಾ?"

"ನಾನೇ..." ಆಕಾಶದಿಂದ ಸಣ್ಣ ಧ್ವನಿ ಬಂತು.

ಉಮಾನಾಥರ ಮುಖ ಅರಳಿತು. "ದೃಷ್ಟಿ ಎಲ್ಲ ಒಡ್ದೇ ಹೋಯ್ತಲ್ಲ ಮಾರಾಯ! ಮಿಷನ್ ಇಲ್ಲೇ ಇರ್ಲಿ. ಆದ್ರೆ ಅದ್ರ್ ಕಣ್ಣಿಗ್ ಎಂತದೂ ಅಡ್ಡ ಬಪ್ಪುಕಾಗ. ನೀನ್ ದಿನಾ ಹತ್ತಿ ಕಂಡ್ ಬಾ. ಅಮಾಸಿಗೆ ಹೊಸ ಕಾಯಿ ಹೊರ್ಗ್ ಕಟ್ಟ್."

ಸುಧಾಕರ ಮೊದಲ ಬಾರಿಗೆ ಮೇಲಿಂದ ಸುತ್ತಲೂ ಕಣ್ಣು ಬಿಟ್ಟು ನೋಡಿದ. ದೂರದಲ್ಲಿ ಗಂಗೊಳ್ಳಿಯ ದೋಣಿಗಳು ಕಂಡವು. ಚಂದವೇ ಇತ್ತು.

ಲಾರಿ ಒಳಗೆ ಬಂತು. ಮಿಷನ್ ಉಳಿಯಿತು. ಸುಧಾಕರ ಈಗಲೂ ದಿನಕ್ಕೊಂದು ಸಲ ಹತ್ತುತ್ತಾನೆ. ಅಮಾವಾಸ್ಯೆಗೆ ಎರಡು ಸಲ.