ಒಗ್ಗಟ್ಟಿಗೆ ಹತ್ತಕ್ಕೆ ಎಷ್ಟು?

ನಾಲ್ಕು ಜನ ಒಂದು ಕಡೆ ಸೇರಿದರೆ ಏನಾದರೂ ಎಡವಟ್ಟು ಆಗೇ ಆಗುತ್ತದೆ. ಆಗುವಾಗ ಪಕ್ಕದಲ್ಲಿ ನಿಂತು ಅದಕ್ಕೆ ಅಂಕ ಹಾಕುವುದು ನನ್ನ ಹೊಟ್ಟೆಪಾಡು.

ಕಾರ್ಖಾನೆಗಳಿಗೆ ಹೋಗಿ, ಅಲ್ಲಿನವರು ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತಾರೆ ಅಂತ ಅಳೆಯುವವನು ನಾನು. ಈಗ ದೊಡ್ಡ ಕಂಪನಿಗಳು ಸಣ್ಣ ಕಾರ್ಖಾನೆಗಳಿಗೆ ಆರ್ಡರ್ ಕೊಡುವ ಮುಂಚೆ ಬರೀ ಬೋಲ್ಟು, ಬೇರಿಂಗು ನೋಡುವುದಿಲ್ಲ, ‘ಟೀಮ್‌ವರ್ಕ್’ ಕೂಡ ನೋಡುತ್ತವೆ. ಅಂಕ ಕಮ್ಮಿಯಾದರೆ ಆರ್ಡರ್ ಇಲ್ಲ. ಹಾಗಾಗಿ ನಾನು ಗೇಟಿನೊಳಗೆ ಕಾಲಿಟ್ಟರೆ ಸಾಕು, ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದವರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತುಬಿಡುತ್ತಾರೆ. ಅಂಥ ಪ್ರೀತಿ ಮದುವೆ ಫೋಟೋದಲ್ಲೂ ಸಿಗುವುದಿಲ್ಲ.

ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರಿಗೆ ನನ್ನ ಕೆಲಸ ಏನಂತ ಎಷ್ಟು ಸಲ ವಿವರಿಸಿದರೂ ಒಂದೇ ಮಾತು: “ಅಂದ್ರೆ ಬೇರೆಯವ್ರು ಕೆಲಸ ಮಾಡೋದನ್ನ ನೋಡ್ತಾ ನಿಂತ್ಕೊಳ್ಳೋಕೆ ಸಂಬಳಾನಾ? ಏನ್ ಪುಣ್ಯ ಮಾಡಿದ್ರಿ ಸಾರ್!”

ಪುಣ್ಯವೋ ಪಾಪವೋ, ಓದಿ ನೀವೇ ಹೇಳಿ.

ಹೆಂಡತಿಯ ದೂರು

ಯಶವಂತಪುರದ ಹತ್ತಿರ ಬೈಕುಗಳಿಗೆ ವೈರಿಂಗ್ ಮಾಡಿಕೊಡುವ ಒಂದು ಕಾರ್ಖಾನೆ. ಅಲ್ಲಿನ ಒಂದು ತಂಡಕ್ಕೆ ಪ್ರಶ್ನೆಪತ್ರಿಕೆ ಕೊಟ್ಟು, “ಯಾರೂ ಯಾರದ್ದೂ ನೋಡ್ಕೊಳ್ಳಂಗಿಲ್ಲ, ಮನಸ್ಸಿಗೆ ಬಂದಿದ್ದು ಬರೀರಿ” ಅಂದೆ. ಒಂದು ಫೋನ್ ಬಂತು, ಹೊರಗೆ ಹೋಗಿ ಮಾತಾಡಿ ಬಂದೆ. ಅಷ್ಟರಲ್ಲಿ ಎಲ್ಲರೂ ಬರೆದು ಮುಗಿಸಿ, ಕೈ ಕಟ್ಟಿಕೊಂಡು ಕೂತಿದ್ದರು.

ಓದಿದರೆ, ಎಲ್ಲರ ಮನಸ್ಸಿಗೂ ಬಂದದ್ದು ಒಂದೇ! ‘ತಂಡದಲ್ಲಿ ಕೆಲಸ ಮಾಡುವಾಗ ನಿಮ್ಮ ದೌರ್ಬಲ್ಯ ಏನು?’ ಅನ್ನುವ ಪ್ರಶ್ನೆಗೆ ಅಷ್ಟೂ ಜನ ಅಕ್ಷರ ತಪ್ಪದೆ ಬರೆದಿದ್ದರು: ‘ನನಗೆ ಸಿಟ್ಟು ಜಾಸ್ತಿ. ನನ್ನ ಹೆಂಡತಿಯದೂ ಇದೇ ದೂರು.’

ಆ ಅಷ್ಟೂ ಜನರಲ್ಲಿ ಆಗತಾನೆ ಡಿಪ್ಲೊಮಾ ಮುಗಿಸಿ ಸೇರಿದ ಒಬ್ಬ ಹುಡುಗಿಯೂ ಇದ್ದಳು. ಕರೆದು ಕೇಳಿದೆ, “ಏನಮ್ಮಾ, ನಿಂಗೆಲ್ಲಿಂದ ಬಂದ್ಳು ಹೆಂಡತಿ?”

ಹುಡುಗಿ ತಲೆ ತಗ್ಗಿಸಲಿಲ್ಲ. “ಅದು ನಂಗೂ ಗೊತ್ತು ಸಾರ್. ಆದ್ರೆ ನಾನೊಬ್ಳೇ ಬೇರೆ ಬರೆದ್ರೆ ಟೀಮ್ ಸ್ಪಿರಿಟ್ ಇಲ್ಲ ಅಂತ ಮಾರ್ಕ್ಸ್ ಕಟ್ ಮಾಡ್ತೀರಲ್ವಾ?”

ಗಾಳಿ ಅಣ್ಣಾ

ಹೆಸರಘಟ್ಟದ ದಾರಿಯಲ್ಲಿ ಒಂದು ಫ್ಯಾಬ್ರಿಕೇಶನ್ ಶೆಡ್ಡು. ಮಾಲೀಕರು ಅದೇ ಊರಿನ ಹಳೇ ಗೌಡರ ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಶೆಡ್ಡು ಎಬ್ಬಿಸಿ ಕಬ್ಬಿಣದ ಕೆಲಸ ಶುರುಮಾಡಿದ್ದರು. ಊರಿಗೆಲ್ಲ ಅಣ್ಣ, ಕೆಲಸಗಾರರಿಗೂ ಅಣ್ಣ.

ಶೆಡ್ಡಿನ ಒಳಕೋಣೆಯಲ್ಲಿ ಕೂರಿಸಿ ಹಳೇ ಪೇಪರು, ಟೇಪು ಕೊಟ್ಟು, ಎಲ್ಲರೂ ಸೇರಿ ಒಂದು ಎತ್ತರದ ಗೋಪುರ ಕಟ್ಟಬೇಕು ಅಂದೆ. ಯಾರು ಹೇಗೆ ಮಾತಾಡುತ್ತಾರೆ, ಯಾರು ಯಾರ ಮಾತು ಕೇಳುತ್ತಾರೆ ಅಂತ ನೋಡುವ ಪರೀಕ್ಷೆ ಅದು. ಅಣ್ಣ ತಾವೂ ನೆಲಕ್ಕೆ ಕೂತುಬಿಟ್ಟರು. “ನೋಡಿ ಸಾ, ಇಲ್ಲಿ ನಾನ್ ಓನರ್ ಅಲ್ಲ. ಉಡುಗ್ರು ಎಂಗೆ ಏಳ್ತಾರೋ ಅಂಗೆ ಮಾಡ್ತೀನಿ.”

ಹುಡುಗರು ಏನು ಹೇಳುತ್ತಾರೆ? “ನೀವು ಎಂಗೆ ಏಳ್ತೀರೋ ಅಂಗೇ ಅಣ್ಣಾ” ಅಂದರು. ಪೇಪರು ಸುತ್ತಿದವರು ಅಣ್ಣ, ಟೇಪು ಹರಿದವರು ಅಣ್ಣ. ಉಳಿದವರು ಸುತ್ತಲೂ ಕೂತು “ಸೂಪರ್ ಅಣ್ಣಾ” ಅನ್ನುವ ಜವಾಬ್ದಾರಿಯನ್ನು ಸಮಾನವಾಗಿ ಹಂಚಿಕೊಂಡರು. ಗೋಪುರ ಸೊಂಟದೆತ್ತರ ಬಂತು. ಅಣ್ಣ ಹೆಮ್ಮೆಯಿಂದ ಮೀಸೆ ತಿರುವಲು ಕೈ ಎತ್ತಿದರು, ಮೊಣಕೈ ತಾಗಿ ಗೋಪುರ ಮಕಾಡೆ ಮಲಗಿತು.

“ಯಾವನ್ಲಾ ಬೀಳ್ಸಿದ್ದು?” ಅಂತ ಗುಡುಗಿದರು ಅಣ್ಣ.

“ಗಾಳಿ ಅಣ್ಣಾ!” ಅಂದರು ಎಲ್ಲರೂ, ಒಂದೇ ಉಸಿರಿಗೆ.

“ಮತ್ತೆ ಫ್ಯಾನ್ ಆಫ್ ಮಾಡ್ರಲಾ!”

ಆ ಕೋಣೆಯಲ್ಲಿ ಫ್ಯಾನೇ ಇರಲಿಲ್ಲ. ಆದರೂ ಒಬ್ಬ ಎದ್ದು ಹೋಗಿ ಭಕ್ತಿಯಿಂದ ಒಂದು ಸ್ವಿಚ್ ಒತ್ತಿದ. ಲೈಟು ಹೋಯಿತು. ಕಿಟಕಿ ಇಲ್ಲದ ಕೋಣೆ, ಗವ್ವೆನ್ನುವ ಕತ್ತಲು. ಆ ಕತ್ತಲಿಂದ ಯಾರದೋ ನೆಮ್ಮದಿಯ ದನಿ ಬಂತು: “ಈಗ ಗಾಳಿ ನಿಂತೋಯ್ತು ಅಣ್ಣಾ.”

ನಡುವೆ ನಾನು

ಯಲಹಂಕದಲ್ಲಿ ಗೇರ್ ಮಾಡುವ ಒಂದು ಕಂಪನಿ. ಡಿಸೈನ್ ಮುಖ್ಯಸ್ಥರು ಹುಬ್ಬಳ್ಳಿ ಕಡೆಯವರು, ಪ್ರೊಡಕ್ಷನ್ ಮುಖ್ಯಸ್ಥರು ಇಲ್ಲೇ ಕೆಂಪಾಪುರದವರು. ಇಬ್ಬರಿಗೂ ಒಂದೇ ಕ್ಯಾಬಿನ್, ಅಕ್ಕಪಕ್ಕ ಟೇಬಲ್. ನಡುವೆ ಕುರ್ಚಿ ಹಾಕಿಕೊಂಡು ಕೂತು ನನ್ನ ಮಾಮೂಲಿ ಪ್ರಶ್ನೆ ಕೇಳಿದೆ: “ನಿಮ್ಮಿಬ್ರಲ್ಲಿ ಭಿನ್ನಾಭಿಪ್ರಾಯ ಬಂದ್ರೆ ಹೇಗೆ ಬಗೆಹರಿಸ್ಕೊಳ್ತೀರಾ?”

ಹುಬ್ಬಳ್ಳಿಯವರು ನನ್ನ ಮುಖವನ್ನೇ ನೋಡುತ್ತ, “ಅವ್ರಿಗೆ ಹೇಳ್ರಿ ಸರ, ನಮ್ಮಿಬ್ಬರ ನಡುವ ಭಿನ್ನಾಭಿಪ್ರಾಯ ಅನ್ನೂದ ಇಲ್ಲ” ಅಂದರು.

ಕೆಂಪಾಪುರದವರೂ ನನ್ನ ಮುಖವನ್ನೇ ನೋಡುತ್ತ, “ಅವ್ರಿಗೆ ಹೇಳಿ ಸಾರ್, ಅದನ್ನ ನಾನು ಒಪ್ಪಲ್ಲ” ಅಂದರು.

ಅಲ್ಲಿಂದ ನಾನು ಅಂಚೆ ಪೇದೆಯಾದೆ. “ಡ್ರಾಯಿಂಗ್ ಬದಲಾಗೈತಿ ಅಂತ ಹೇಳ್ರಿ.” “ಬದಲಾದ್ರೆ ಬಾಯ್ಬಿಟ್ಟು ಹೇಳೋಕೇನು ಧಾಡಿ ಅಂತ ಕೇಳಿ.” “ಕಿವಿ ಇದ್ದವ್ರಿಗೆ ಹೇಳಬಹುದು ಅಂತ ತಿಳಸ್ರಿ.” ಕೊನೆಯ ಮಾತನ್ನು ನಾನು ಸ್ವಲ್ಪ ಮೆತ್ತಗೆ ಮಾಡಿ ದಾಟಿಸಿದೆ. “ಅಷ್ಟು ಸಾಫ್ಟ್ ಹೇಳಿಲ್ಲ ಸಾರ್ ಅವ್ರು, ಸರಿಯಾಗಿ ಹೇಳಿ” ಅಂತ ಕೆಂಪಾಪುರದವರು ನನ್ನನ್ನೇ ತಿದ್ದಿದರು. ಊಟದ ಹೊತ್ತಿಗೆ, ತಿಂಗಳಿಂದ ನಿಂತುಹೋಗಿದ್ದ ಒಂದು ಗೇರಿನ ತಕರಾರು ಬಗೆಹರಿದೇ ಹೋಗಿತ್ತು.

ಎಂ.ಡಿ. ಹತ್ತಿರ ಹೋಗಿ ಇದೇನು ಕಥೆ ಅಂತ ಕೇಳಿದೆ. ಅವರು ನಿಟ್ಟುಸಿರು ಬಿಟ್ಟರು. “ಮೊದಲು ಚೆನ್ನಾಗೇ ಇದ್ರು ಸಾರ್. ಇನ್ನೂ ಒಗ್ಗಟ್ಟು ಬರ್ಲಿ ಅಂತ ಎಲ್ರನ್ನೂ ಒಂದು ರೆಸಾರ್ಟ್‌ಗೆ ಕರ್ಕೊಂಡ್ ಹೋದೆ. ಹಗ್ಗಜಗ್ಗಾಟ ಇಟ್ಟಿದ್ರು. ಇಬ್ರೂ ಒಂದೇ ಟೀಮು. ಒಬ್ರು ಬೆವರು ಒರೆಸ್ಕೊಳ್ಳೋಕೆ ಹಗ್ಗ ಬಿಟ್ರು, ಇನ್ನೊಬ್ರು ಎಲ್ಲರ ಮುಂದೆ ಕೆಸರಲ್ಲಿ ಮುಗ್ಗರಿಸಿದ್ರು. ಅವತ್ತಿಂದ ಮಾತಿಲ್ಲ.”

ಅಂಕ ಕಮ್ಮಿ ಹಾಕಬೇಕಾಗುತ್ತೆ ಅಂತ ನಾನು ಸಂಕೋಚದಿಂದ ಹೇಳಿದೆ. ಎಂ.ಡಿ. ಕುರ್ಚಿ ಹತ್ತಿರ ಎಳೆದುಕೊಂಡರು. “ಅಂಕ ಬಿಡಿ ಸಾರ್. ದಿನಾ ಬಂದು ಅದೇ ಕುರ್ಚೀಲಿ ಕೂತ್ಕೊಳ್ಳೋಕೆ ಏನು ತಗೋತೀರಾ ಹೇಳಿ.”

ಮೂರ್ಛೆ

ಪೇಪರ್ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ, ನಿಜವಾದ ಒಗ್ಗಟ್ಟು ಆಪತ್ತಿನಲ್ಲೇ ತಿಳಿಯುವುದು ಅಂತ ನಮ್ಮ ಬಾಸ್‌ಗೆ ಒಂದು ದಿನ ಜ್ಞಾನೋದಯವಾಯಿತು. ಒಂದು ಪಂಪ್ ಕಾರ್ಖಾನೆಯಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಮೂರ್ಛೆ ಬಿದ್ದ ಹಾಗೆ ನಟಿಸುವುದು, ಅಲ್ಲಿನವರು ಏನು ಮಾಡುತ್ತಾರೆ ಅಂತ ನೋಡುವುದು. “ನೀವೇ ಬೀಳಿ. ನಿಮ್ಮ ಹೊಟ್ಟೆ ನೋಡಿದ್ರೆ ಯಾರೂ ಡೌಟ್ ಪಡಲ್ಲ” ಅಂದರು ಬಾಸ್. ಪ್ರಥಮ ಚಿಕಿತ್ಸೆಯವರು ಬರುವ ತನಕ ಕಣ್ಣು ಬಿಡಬಾರದು. ಮಧ್ಯದಲ್ಲಿ ಎದ್ದರೆ ಪರೀಕ್ಷೆ ರದ್ದು, ಇನ್ನೊಂದು ದಿನ ಮತ್ತೆ ಬೀಳಬೇಕು.

ವಿಷಯ ಗೊತ್ತಿದ್ದದ್ದು ಅಲ್ಲಿನ ಮ್ಯಾನೇಜರ್ ಒಬ್ಬರಿಗೆ ಮಾತ್ರ. ಆ ಪುಣ್ಯಾತ್ಮರು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ನನಗೆ ಅದು ಗೊತ್ತಿರಲಿಲ್ಲ. ಬಿದ್ದೆ.

“ಅಯ್ಯೋ, ಆ ಇನ್‌ಸ್ಪೆಕ್ಷನ್ ಸಾರ್ ಬಿದ್ಬಿಟ್ರು ಕಣೋ!”

“ಎಲ್ಲಿ ಬಿದ್ದಿದಾರೆ? ಅಸೆಂಬ್ಲಿನಾ, ಪೇಂಟ್ ಶಾಪಾ?”

“ಹಳದಿ ಗೆರೆ ನೋಡು ಗುರು. ಕಾಲು ಮಾತ್ರ ನಮ್ದು, ತಲೆ ನಿಮ್ ಕಡೆ ಇದೆ. ತಲೆ ಯಾರ ಕಡೆ ಇದ್ಯೋ ಅವ್ರೇ ನೋಡ್ಕೋಬೇಕು.”

“ಬಿದ್ದಾಗ ನಮ್ ಕಡೆ ಇರ್ಲಿಲ್ಲ, ಉರುಳಿ ಬಂದಿದೆ!”

ಇನ್ಯಾರೋ, “ಫಿಟ್ಸ್ ಇರ್ಬೇಕು, ಕೈಗೆ ಕಬ್ಬಿಣ ಕೊಡ್ರೋ” ಅಂದರು. ಆ ಜಾಗದಲ್ಲಿ ಕಬ್ಬಿಣಕ್ಕೇನು ಬರ? ಒಬ್ಬ ಸ್ಪ್ಯಾನರ್ ಹಿಡಿಸಿದ. ಸಾಲದು ಅನ್ನಿಸಿತೋ ಏನೋ, ಇನ್ನೊಬ್ಬ ಒಂದು ಪಂಪಿನ ಕವಚವನ್ನೇ ತಂದು ಎದೆಯ ಮೇಲೆ ಇಟ್ಟ. ಮತ್ತೊಬ್ಬ ಬೆಳಗಿನಿಂದ ಹಾಕಿಕೊಂಡಿದ್ದ ಸೇಫ್ಟಿ ಶೂ ಬಿಚ್ಚಿ ನನ್ನ ಮೂಗಿಗೆ ಹಿಡಿದ. ಆಗ ನನಗೆ ನಿಜವಾಗಿಯೂ ಪ್ರಜ್ಞೆ ತಪ್ಪುವ ಹಾಗಾಯಿತು. “ಸ್ವಲ್ಪ ಸರ್ಕೊ ಮಚ್ಚಾ, ವಿಡಿಯೋದಲ್ಲಿ ಮುಖ ಬರ್ತಿಲ್ಲ” ಅಂತ ತಲೆಯ ಹತ್ತಿರ ಒಂದು ದನಿ.

ಇವರಿಗೆ ಸೊನ್ನೆ ಗ್ಯಾರಂಟಿ ಅಂದುಕೊಳ್ಳುತ್ತಿದ್ದೆ. ಆಗ ಒಬ್ಬ ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡರು. “ನೋಡ್ರಪ್ಪಾ, ಇವ್ರಿಗೆ ಒಳಗಡೆ ಏನಾದ್ರೂ ಆದ್ರೆ ವಿಚಾರಣೆ, ಹೇಳಿಕೆ, ಶಿಫ್ಟ್ ಮುಗಿದ್ರೂ ಯಾರೂ ಮನೆಗೆ ಹೋಗಂಗಿಲ್ಲ. ಅದೇ ಗೇಟಿಂದ ಆಚೆ ಆದ್ರೆ… ಪಾಪ, ರಸ್ತೇಲಿ ಯಾರೋ ಬಿದ್ದಿದ್ರು, ಅಷ್ಟೆ.”

ಆಮೇಲೆ ರೆಪ್ಪೆ ಸಂದಿಯಿಂದ ನಾನು ಕಂಡದ್ದು ಒಂದು ಅದ್ಭುತ. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಒಬ್ಬ ಟ್ರಾಲಿ ತಂದ. ಅಸೆಂಬ್ಲಿಯವರು ಕಾಲು, ಪೇಂಟ್ ಶಾಪ್‌ನವರು ತಲೆ ಹಿಡಿದು ಹೂವಿನ ಹಾಗೆ ಎತ್ತಿದರು. ಒಬ್ಬ ತಲೆಯ ಕೆಳಗೆ ಎಣ್ಣೆ ಒರೆಸುವ ಹತ್ತಿಯ ವೇಸ್ಟ್ ಇಟ್ಟ. ಫ್ಲೋರ್ ದಾಟುವಾಗ ನಿಯಮ ಮೀರಬಾರದು ಅಂತ ಇನ್ನೊಬ್ಬ ನನಗೆ ಹೆಲ್ಮೆಟ್ ಹಾಕಿದ. ಒಬ್ಬ ಮುಂದೆ ಓಡಿ ಶಟರ್ ಎತ್ತಿದ, ಒಬ್ಬ ನನ್ನ ಬ್ಯಾಗು, ನೀರಿನ ಬಾಟಲಿ ಸಮೇತ ಹಿಂದೆ ಬಂದ. ಅಂಥ ಹೊಂದಾಣಿಕೆ ನಾನು ಎಲ್ಲೂ ಕಂಡಿಲ್ಲ. ಟ್ರಾಲಿಯ ಮೇಲೆ ಮಲಗಿದ್ದ ಹಾಗೇ ಮನಸ್ಸಿನಲ್ಲೇ ಪೂರ್ತಿ ಅಂಕ ಹಾಕಿಬಿಟ್ಟೆ.

ಗೇಟಿನಾಚೆ ಹೊಂಗೆ ಮರದ ಕೆಳಗೆ ನನ್ನನ್ನು ಜೋಪಾನವಾಗಿ ಇಳಿಸಿ, ಟ್ರಾಲಿ ಎಳೆದುಕೊಂಡು ಎಲ್ಲರೂ ಮಾಯವಾದರು. ಗೇಟು ಮುಚ್ಚಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಯಾರೋ ಓಡಿ ಬರುವ ಹೆಜ್ಜೆ ಸದ್ದು. ಕೊನೆಗೂ ಒಬ್ಬ ಮನುಷ್ಯ ಅಂತ ಕಣ್ಣು ತುಂಬಿ ಬಂತು.

ಸೆಕ್ಯುರಿಟಿಯವನು ಏದುಸಿರು ಬಿಡುತ್ತ ಬಗ್ಗಿ, ಗೇಟಿನ ರಿಜಿಸ್ಟರನ್ನು ಎದೆಯ ಮೇಲಿಟ್ಟು, ನನ್ನ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದ.

“ಸಾರ್, ಔಟ್ ಟೈಮ್ ಬರೆದು ಒಂದು ಸೈನ್ ಹಾಕ್ಬಿಡಿ, ಆಮೇಲೆ ಮೂರ್ಛೆ ಹೋಗಿ. ಹೆಲ್ಮೆಟ್ ಕಂಪ್ನಿದು, ಅದನ್ನ ಕೊಟ್ಬಿಡಿ.”