ತಳದಲ್ಲಿ ತೂತಿರುವ ಕುಂಡಗಳು

ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಪಿಂಗಾಣಿ ಹೂಕುಂಡಗಳ ಅಂಗಡಿ ಇಟ್ಟ ದಿನದಿಂದ ಇಂಥ ಪ್ರಸಂಗಗಳು ನಡೆಯುತ್ತಲೇ ಇವೆ. ಒಂದು ವಾರ ಏನೂ ನಡೆಯದಿದ್ದರೆ ವ್ಯಾಪಾರ ಬಿದ್ದುಹೋಯಿತೇನೋ ಎಂದು ನನಗೇ ದಿಗಿಲಾಗುತ್ತದೆ.

ಆ ಪಡಸಾಲೆ ಸುಮ್ಮನೆ ಸಿಕ್ಕಿದ್ದಲ್ಲ. ಮೊದಲಿನಿಂದಲೂ ಅದು ಅಕ್ಕಿ ಚೀಲಗಳ ಜಾಗ. ಮನೆಯೊಳಗೆ ಇಡುವ ಗಿಡಗಳಿಗೆ ಚೆಂದದ ಕುಂಡ ಮಾರುತ್ತೇನೆ ಎಂದಾಗ ನಮ್ಮ ಅತ್ತೆ ಒಂದನ್ನು ಎತ್ತಿ, ಸಂತೆಯಲ್ಲಿ ನೀರಿನ ಕೊಡ ನೋಡುವ ಹಾಗೆ ಬೆರಳಿನಿಂದ ಬಾರಿಸಿ, ತಲೆಕೆಳಗು ಮಾಡಿ ನೋಡಿದರು.

"ತೂತ ಐತಿ. ತೂತಿದ್ದುದನ್ನ ರೊಕ್ಕ ಕೊಟ್ಟ ಯಾರ ತಗೋತಾರವಾ?"

ಯುಗಾದಿಗೆ ಅಂಗಡಿ ಶುರು, ದೀಪಾವಳಿಗೆ ಗಡುವು. ಅಷ್ಟರೊಳಗೆ ಕುಂಡಗಳು ಹೋಗದಿದ್ದರೆ ಹೊಸ ಅಕ್ಕಿ ಚೀಲ ಬಂದು ಕೂರುವುದು, ನಾನು ಮತ್ತೆ ಅಡುಗೆಮನೆಗೆ. ಹಳೆಯ ಎರಡು ಚೀಲಗಳು ಆಗಲೇ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು. ಮದುವೆಯಾಗಿ ಬಂದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ನನಗೆ ಸಿಕ್ಕಿದ್ದು ಅದೊಂದೇ. ಅದು ಕೈ ತಪ್ಪಬಾರದು ಎಂದು ಬಹಳ ಆಸೆ ಇತ್ತು.

ಸೋರುತ್ತದೆ

ಮೊದಲ ಗಿರಾಕಿ ಪಕ್ಕದ ಓಣಿಯ ಮಾಸ್ತರರು. ಹಸಿರು ಕುಂಡ ಒಯ್ದವರು ಮರುದಿನವೇ ಅದನ್ನು ಬಗಲಲ್ಲಿ ಇಟ್ಟುಕೊಂಡು ಬಂದರು. ನೀರು ಹಾಕಿದರೆ ಸೋರಿ ಟೀವಿ ಸ್ಟ್ಯಾಂಡೆಲ್ಲ ತೊಯ್ದಿದೆಯಂತೆ. ತೂತು ಇರುವುದೇ ಅದಕ್ಕೆ, ಹೆಚ್ಚಿನ ನೀರು ಇಳಿಯದಿದ್ದರೆ ಬೇರು ಕೊಳೆಯುತ್ತದೆ, ಕೆಳಗೊಂದು ತಟ್ಟೆ ಇಡಿ ಎಂದು ನಾನು ವಿವರಿಸಿದೆ. ಮಾಸ್ತರರು ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ತೂತಿಲ್ಲದ್ದು ಇದ್ದರೆ ಕೊಡಿ ಎಂದರು. ನನ್ನಲ್ಲಿ ಅಂಥದ್ದು ಒಂದೇ ಒಂದಿತ್ತು, ಕೊಟ್ಟೆ.

ತಿಂಗಳ ಮೇಲೆ ಅವರ ಮನೆಯವರು ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕು, ನನ್ನ ಎರಡೂ ಕೈ ಹಿಡಿದುಕೊಂಡು ಹೊಗಳಿದರು.

"ನಿಮ್ಮ ಕುಂಡದಾಗ ಮಾವಿನ ಉಪ್ಪಿನಕಾಯಿ ಭಾಳ ಛಲೋ ಕುಂತೈತ್ರಿ."

ಹಾಗಾದರೆ ಗಿಡ ಎಲ್ಲಿ ಎಂದು ಕೇಳಿದೆ.

"ಅದು ಆರಾಮ ಐತ್ರಿ, ಎಣ್ಣಿ ಡಬ್ಬ್ಯಾಗ."

ಕುಷ್ಟಗಿಯ ಅಜ್ಜ

ಕುಷ್ಟಗಿ ಕಡೆಯ ಅಜ್ಜ ಒಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಅವಳ ಹೊಸ ಮನೆಗೆ ಕುಂಡ ಬೇಕಿತ್ತು. ಅವಳು ಹಳದಿಯೋ ಬಿಳಿಯೋ ಎಂದು ಒದ್ದಾಡುತ್ತಿದ್ದರೆ ಅಜ್ಜ ಕುಂಡಗಳನ್ನು ಬಿಟ್ಟು, ಒಂದರೊಳಗೆ ಮಾದರಿಗೆಂದು ನಾನು ನೆಟ್ಟಿದ್ದ ಕತ್ತಿಯಂಥ ಎಲೆಯ ಗಿಡದ ವಿಚಾರಣೆ ಶುರು ಮಾಡಿದರು. ಇದು ಕಾಯಿ ಬಿಡುತ್ತದೆಯೇ? ಇಲ್ಲ. ಹೂವು? ಬಹುತೇಕ ಇಲ್ಲ. ದನ ತಿನ್ನುತ್ತವೆಯೇ? ಬೇಡ ಅಜ್ಜ, ದನಕ್ಕೆ ಒಳ್ಳೆಯದಲ್ಲ. ಅಜ್ಜನ ಮುಖದಲ್ಲಿ ನನ್ನ ಬಗ್ಗೆ ಕನಿಕರ ಮೂಡಿತು. ಇಂಥದ್ದನ್ನು ಬೆಳೆಸಿ ಈ ಹುಡುಗಿ ಹೊಟ್ಟೆ ಹೊರೆಯಬೇಕಾಗಿದೆಯಲ್ಲ ಎಂಬ ಕನಿಕರ.

ಕೊನೆಗೆ ನೀರು ಎಷ್ಟು ಬೇಕು ಎಂದರು. ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಗ್ಲಾಸು ಸಾಕು, ಮರೆತರೂ ಸಾಯುವುದಿಲ್ಲ ಎಂದೆ. ಅಜ್ಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಕೂತರು.

"ಹಂಗಂದ್ರ ಎಕರೇಕ ಎಷ್ಟ ಕುಂದರ್ತಾವವಾ?"

ನೆಗೆಣ್ಣಿಯರು

ಒಂದೇ ಮನೆಯ ಅಣ್ಣ ತಮ್ಮಂದಿರ ಹೆಂಡಿರು ಇಬ್ಬರು ಬಂದು ನೀಲಿ ಕುಂಡ ತೆಗೆದುಕೊಂಡರು. ಆ ಮನೆಯಲ್ಲಿ ಸೀರೆಯಾಗಲಿ ಬಳೆಯಾಗಲಿ, ಒಬ್ಬರಿಗೆ ತಂದರೆ ಇನ್ನೊಬ್ಬರಿಗೂ ಅಂಥದ್ದೇ ತರಬೇಕು. ಹಾಗಾಗಿ ಒಂದೇ ಅಚ್ಚಿನ ಎರಡು ಕುಂಡ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡವಳು ಒಬ್ಬಳೇ ಬಂದಳು. ತನ್ನ ಕುಂಡದ ಬಣ್ಣ ಮಂಕಾಗಿದೆ, ನೆಗೆಣ್ಣಿಯದ್ದೇ ಹೊಳೆಯುತ್ತದೆ, ಬದಲಿಸಿ ಕೊಡಿ ಎಂದಳು. ನೀಲಿ ಮುಗಿದಿತ್ತು. ಇಟ್ಟು ಹೋಗಿ, ಸಂಜೆ ಬನ್ನಿ ಎಂದೆ. ಮಧ್ಯಾಹ್ನ ಸಣ್ಣವಳು ಬಂದಳು. ಅವಳ ಕುಂಡದ ಬಾಯಿ ಸೊಟ್ಟಗಿದೆಯಂತೆ, ಅಕ್ಕನದ್ದು ನೆಟ್ಟಗಿದೆಯಂತೆ. ನಾನು ದೊಡ್ಡವಳ ಕುಂಡ ಒರೆಸಿ ಅವಳ ಕೈಗಿಟ್ಟೆ. ಸಂಜೆ ಸಣ್ಣವಳದ್ದನ್ನು ದೊಡ್ಡವಳಿಗೆ ಕೊಟ್ಟೆ.

ಇಬ್ಬರೂ ಸಂತೋಷದಿಂದ ಹೋದರು. ಹೋಗುವಾಗ ಇಬ್ಬರೂ ಒಂದೇ ಮಾತು ಹೇಳಿದರು.

"ನಮ್ಮ ನೆಗೆಣ್ಣಿ ಮುಂದ ಮಾತ್ರ ಹೇಳಬ್ಯಾಡ್ರಿ."

ಅತ್ತೆ ಅಂಗಡಿಯಲ್ಲಿ ಕೂತ ದಿನ

ದೀಪಾವಳಿ ಹತ್ತಿರ ಬಂದರೂ ಅರ್ಧ ಮಾಲು ಹಾಗೇ ಉಳಿದಿತ್ತು. ಅತ್ತೆ ಪಡಸಾಲೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ಕಾರಟಗಿಗೆ ತೊಟ್ಟಿಲ ಕಾರ್ಯಕ್ರಮಕ್ಕೆ ಹೋಗಬೇಕಾಯಿತು. ಸುಮ್ಮನೆ ಕೂತಿರಿ, ಯಾರಾದರೂ ಬಂದರೆ ನಾಳೆ ಬರಲು ಹೇಳಿ ಎಂದು ಅತ್ತೆಯನ್ನು ಕೂರಿಸಿ, ಅವರು ಗಿರಾಕಿಗಳಿಗೆ ತೂತು ತೋರಿಸದಿರಲಿ ಎಂದು ಬೇಡಿಕೊಳ್ಳುತ್ತ ಬಸ್ಸು ಹತ್ತಿದೆ.

ಸಂಜೆ ಬಸ್ಸಿಳಿದು ನಮ್ಮ ಓಣಿಗೆ ತಿರುಗಿದರೆ ದಾರಿಯುದ್ದಕ್ಕೂ ಅಕ್ಕಿಯ ಗೆರೆ. ಗೆರೆಯ ಮೇಲೆ ಓಣಿಯ ಕೋಳಿಗಳೆಲ್ಲ ಮೆರವಣಿಗೆ ಹೊರಟಿದ್ದವು. ಅವುಗಳ ಹಿಂದೆಯೇ ನಡೆದೆ. ಗೆರೆ ನಮ್ಮ ಬಾಗಿಲಿಗೇ ಬಂದು ಮುಟ್ಟಿತು.

ಒಳಗೆ ಕಪಾಟು ಖಾಲಿ. ಒಂದೂ ಕುಂಡ ಇರಲಿಲ್ಲ. ಮೂಲೆಯಲ್ಲಿ ಎರಡೂ ಅಕ್ಕಿ ಚೀಲಗಳು ಮಡಚಿಕೊಂಡು ಮಲಗಿದ್ದವು. ಅತ್ತೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

ನಡೆದದ್ದು ಇಷ್ಟು. ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದು ಒಂದು ಕುಂಡ ಕೊಂಡಳು. ಹಬ್ಬದ ಮುಂದೆ ಮನೆಯಿಂದ ಬರಿದಾದ ಪಾತ್ರೆ ಹೊರಗೆ ಕಳಿಸುವುದು ಹೇಗೆ ಎಂದು ಅತ್ತೆ ಕುಂಡಕ್ಕೆ ಕುಂಕುಮ ಹಚ್ಚಿ, ಗಂಡನ ಮನೆಗೆ ಹೋಗುವ ಮಗಳಿಗೆ ಉಡಿ ತುಂಬಿದಂತೆ ಐದು ಬೊಗಸೆ ಅಕ್ಕಿ, ಎಲೆ ಅಡಿಕೆ ಹಾಕಿ ಕಳಿಸಿದರು. ಅವಳು ಓಣಿಯ ತುದಿ ಮುಟ್ಟುವಷ್ಟರಲ್ಲಿ ಅಕ್ಕಿ ಮಾಯ. ಗಾಬರಿಯಿಂದ ತಿರುಗಿ ಬಂದಳು. ತುಂಬಿದ ಉಡಿ ಬರಿದಾಗಬಾರದಲ್ಲ, ಅತ್ತೆ ಮತ್ತೆ ತುಂಬಿದರು. ಕುಂಡ ಕೊಂಡರೆ ಉಡಿ ತುಂಬುತ್ತಾರೆ, ಅದೂ ಎರಡೆರಡು ಸಲ ಎಂದು ಸುದ್ದಿ ಹಬ್ಬಿತು. ಮಧ್ಯಾಹ್ನಕ್ಕೆ ಓಣಿಯ ಹೆಂಗಸರೆಲ್ಲ ನಮ್ಮ ಬಾಗಿಲಲ್ಲಿ.

"ಅಲ್ಲ ಅತ್ತಿ, ತೂತಿಗೆ ಒಂದು ಎಲಿಯರ ಮುಚ್ಚಬೇಕಿತ್ತಲ್ಲ?"

"ಈಸು ದಿನ ತೂತ ತೂತ ಅಂತ ಬೈದಾಕಿ ನಾನ. ಇವತ್ತ ಮಾರೂ ಹುರುಪಿನಾಗ ಮರತ ಬಿಟ್ಟೆ ನೋಡವಾ."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿತು. ನನ್ನ ಕುಂಡಗಳನ್ನು ಅವರು ಮನೆಮಗಳಂತೆ ಕಳಿಸಿದ್ದರಲ್ಲ. ಆದರೂ ಎದೆ ಗಟ್ಟಿ ಮಾಡಿಕೊಂಡು ಪಡಸಾಲೆಯ ಮಾತು ಎತ್ತಿದೆ. ಅತ್ತೆ ಮಡಚಿದ ಚೀಲಗಳ ಕಡೆ ನೋಡಿದರು.

"ಹೊಸ ಚೀಲ ಒಳಗ ಇಡಸ್ತೀನಿ, ಅಂಗಡಿ ಇರ್ಲಿ. ಒಂದ ಚೀಲ ಮಾತ್ರ ಇಲ್ಲೇ ಇರಬೇಕು, ಉಡಿ ತುಂಬಾಕ."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು.

"ಮುಂದಿನ ಸಲ ಮಾತ್ರ ತೂತ ಇಲ್ಲದವು ತಗೊಂಡ ಬಾ."